6ನೇ ಸಂಖ್ಯೆಯ ಕಾರು ಯಾರದು?

ಛಾಯಾಗ್ರಹಣದ ಚರಿತ್ರೆಯನ್ನು ಕುರಿತ ದೊಡ್ಡ ಪುಸ್ತಕಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಪಂದ್ಯದ ಕಾರೊಂದು ರಸ್ತೆಯ ಮೇಲೆ ಎಡದಿಂದ ಬಲಕ್ಕೆ ಧಾವಿಸುತ್ತಿದೆ. ಅದರ ಚಕ್ರ ತನ್ನ ದುಂಡು ಆಕಾರವನ್ನು ಕಳೆದುಕೊಂಡು, ಮೊಟ್ಟೆಯಂತೆ ನೀಳವಾಗಿ, ಮುಂದಕ್ಕೆ ಬಾಗಿದೆ. ರಸ್ತೆಯ ಪಕ್ಕದಲ್ಲಿ ನಿಂತ ಜನರೂ ಕಂಬವೂ ಬಿರುಗಾಳಿ ಬಡಿದವರಂತೆ ಹಿಂದಕ್ಕೆ ವಾಲಿಕೊಂಡಿದ್ದಾರೆ. ಕಾರಿನ ಮುಂಭಾಗ ಚೌಕಟ್ಟಿಗೆ ಸಿಕ್ಕಿಯೇ ಇಲ್ಲ. ಸಿಕ್ಕಿರುವುದು ಹಿಂದಿನ ಅರ್ಧ ಭಾಗ, ಅದರಲ್ಲಿ ಮುದುಡಿ ಕುಳಿತ ಇಬ್ಬರು, ಮತ್ತು ಕಾರಿನ ಹಿಂಬದಿಯ ಮೈಮೇಲೆ ದೊಡ್ಡದಾಗಿ ಬರೆದ ‘6’ ಎಂಬ ಅಂಕಿ.

ಈ ಚಿತ್ರವನ್ನು ತೆಗೆದವರು ಫ್ರಾನ್ಸ್ ದೇಶದ ಜಾಕ್ ಆನ್ರಿ ಲಾರ್ತೀಗ್. 1894ರಲ್ಲಿ ಪ್ಯಾರಿಸಿನ ಬಳಿಯ ಸ್ಥಿತಿವಂತ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಏಳೆಂಟು ವರ್ಷದ ಪ್ರಾಯದಲ್ಲಿಯೇ ತಂದೆ ಕ್ಯಾಮರಾ ಕೊಡಿಸಿದ್ದರು. ಓಡುವುದು, ಹಾರುವುದು, ನೆಗೆಯುವುದು ಏನಿದ್ದರೂ ಆ ಬಾಲಕನಿಗೆ ಅದು ಬೇಕು. ಅಣ್ಣ ಕಟ್ಟಿದ ಆಟದ ಬಂಡಿಗಳು, ಮೆಟ್ಟಿಲ ಮೇಲಿಂದ ಜಿಗಿಯುವ ಬಂಧುಗಳು, ಆಗತಾನೇ ನೆಲ ಬಿಟ್ಟೇಳುತ್ತಿದ್ದ ವಿಮಾನಗಳು, ಎಲ್ಲವೂ ಗಾಜಿನ ಫಲಕಗಳಲ್ಲಿ ಉಳಿದುಕೊಂಡವು. ಮುಂದೆ ಅವರು ಚಿತ್ರಕಾರರೆಂದೇ ತಮ್ಮನ್ನು ಗುರುತಿಸಿಕೊಂಡರು. ಛಾಯಾಚಿತ್ರಗಳು ಮನೆಯ ಆಲ್ಬಮ್‌ಗಳಲ್ಲಿಯೇ ಇದ್ದವು. 6ನೇ ಸಂಖ್ಯೆಯ ಕಾರಿನ ಚಿತ್ರವಂತೂ ಕೆಟ್ಟುಹೋದ ಚಿತ್ರವೆಂಬ ಲೆಕ್ಕದಲ್ಲಿ ಬಹುಕಾಲ ಬದಿಗೆ ಸರಿದಿತ್ತು. ಅರ್ಧ ಕತ್ತರಿಸಿದ ಕಾರು, ಸೊಟ್ಟಗಾದ ಚಕ್ರ, ವಾಲಿದ ಜನ: ಅಂದಿನ ಮಾನದಂಡದಲ್ಲಿ ಅದನ್ನು ಯಾರಿಗೆ ತೋರಿಸುವುದು?

ಆ ಸೊಟ್ಟತನಕ್ಕೆ ಕಾರಣ ಸರಳವಾಗಿದೆ. ಅಂದಿನ ಆ ಬಗೆಯ ಕ್ಯಾಮರಾಗಳಲ್ಲಿ ಫಲಕದ ಮುಂದೆ ಒಂದು ಪರದೆ, ಆ ಪರದೆಯಲ್ಲೊಂದು ಸಣ್ಣ ಸೀಳು. ಸೀಳು ಫಲಕದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತಾ ಬೆಳಕನ್ನು ಬಿಡುತ್ತದೆ. ಆದ್ದರಿಂದ ಇಡೀ ದೃಶ್ಯ ಒಂದೇ ಕ್ಷಣದಲ್ಲಿ ಮೂಡುವುದಿಲ್ಲ. ಈ ಚಿತ್ರದಲ್ಲಿ ಮೊದಲು ನೆಲದ ಕಡೆಯದು, ಆಮೇಲೆ ಮೇಲಿನದು ಮೂಡಿದೆ. ಚಕ್ರದ ತಳ ಮೂಡಿ ಅದರ ನೆತ್ತಿ ಮೂಡುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತದೆ. ಅದೇ ಸಮಯದಲ್ಲಿ ಲಾರ್ತೀಗ್ ಕಾರನ್ನು ಹಿಂಬಾಲಿಸಿ ಕ್ಯಾಮರಾವನ್ನು ತಿರುಗಿಸುತ್ತಿದ್ದುದರಿಂದ ನಿಂತಲ್ಲೇ ನಿಂತಿದ್ದ ಜನ ಹಿಂದಕ್ಕೆ ಬಾಗಿದರು. ವ್ಯಂಗ್ಯಚಿತ್ರಕಾರರು ವೇಗವನ್ನು ತೋರಿಸಲು ಇಂದಿಗೂ ಚಕ್ರಗಳನ್ನು ಮುಂದಕ್ಕೆ ಬಾಗಿಸಿಯೇ ಬರೆಯುತ್ತಾರೆ ಎಂಬುದನ್ನು ಮಕ್ಕಳ ಪುಸ್ತಕಗಳನ್ನು ನೋಡಿದವರು ಬಲ್ಲರು.

1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಜಾನ್ ಜಾರ್ಕೋವ್ಸ್ಕಿ ಅವರು ಲಾರ್ತೀಗ್ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿದರು. ಛಾಯಾಗ್ರಾಹಕರಿಗೆ ಆಗ ಅರವತ್ತೊಂಬತ್ತು ವರ್ಷ. ಅದೇ ವರ್ಷದ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆಯೂ ಅವರ ಚಿತ್ರಗಳನ್ನು ಪ್ರಕಟಿಸಿತು. ಅದು ಅಧ್ಯಕ್ಷ ಕೆನಡಿಯವರ ಹತ್ಯೆಯ ವರದಿಯಿದ್ದ ಸಂಚಿಕೆಯಾದ್ದರಿಂದ ಲಕ್ಷಾಂತರ ಮನೆಗಳಲ್ಲಿ ಜೋಪಾನವಾಗಿ ಉಳಿಯಿತು. ಹೀಗೆ ಮನೆಯ ಆಲ್ಬಮ್‌ನಲ್ಲಿದ್ದ ವ್ಯಕ್ತಿ ಲೋಕವಿಖ್ಯಾತರಾದರು. ಒಮ್ಮೆ ಬದಿಗೆ ಸರಿದಿದ್ದ ಕಾರಿನ ಚಿತ್ರ ಇಪ್ಪತ್ತನೆಯ ಶತಮಾನದ ವೇಗಕ್ಕೇ ಲಾಂಛನವಾಯಿತು. ಅದರ ಕೆಳಗಿನ ಅಡಿಬರಹ ಹೀಗಿತ್ತು: ದೆಲಾಜ್ ಕಾರು, ಫ್ರಾನ್ಸಿನ ಆಟೋಮೊಬೈಲ್ ಕ್ಲಬ್ಬಿನ ಗ್ರಾನ್ ಪ್ರೀ ಪಂದ್ಯ, 1912.

ಛಾಯಾಗ್ರಾಹಕರೇ ಬದುಕಿದ್ದರು, ಚಿತ್ರ ಅವರದೇ. ಇನ್ನು ಪ್ರಶ್ನಿಸುವವರು ಯಾರು? ಮೇಲಾಗಿ ಲಾರ್ತೀಗ್ ದಿನದಿನದ ಹವಾಮಾನವನ್ನೂ ಆ ದಿನ ತೆಗೆದ ಚಿತ್ರಗಳ ಪುಟ್ಟ ರೇಖಾಕೃತಿಗಳನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದ ಶಿಸ್ತಿನ ಮನುಷ್ಯ. ಆದರೂ ಅಡಿಬರಹ ತಪ್ಪಾಗಿತ್ತು.

ಹಳೆಯ ಚಿತ್ರದಲ್ಲಿರುವ ಕಾರನ್ನು ಗುರುತಿಸಬೇಕಾದರೆ ಬಲ್ಲವರು ಮೊದಲು ನೋಡುವುದು ಅದರ ಮುಖವನ್ನು, ಅಂದರೆ ರೇಡಿಯೇಟರನ್ನು. ರೋಲ್ಸ್ ರಾಯ್ಸ್ ಕಾರಿನದು ಗ್ರೀಕ್ ದೇಗುಲದ ಮುಂಭಾಗದಂಥ ಆಕಾರ. ಆ ಕಾಲದ ರೆನೋ ಕಾರುಗಳಲ್ಲಿ ರೇಡಿಯೇಟರ್ ಎಂಜಿನ್ನಿನ ಹಿಂದೆ ಇದ್ದುದರಿಂದ ಮೂತಿ ಇಳಿಜಾರಾಗಿರುತ್ತಿತ್ತು. ಬಳಿಕ ಚಕ್ರದ ಕಡ್ಡಿಗಳು, ದೀಪಗಳು, ನೋಂದಣಿ ಫಲಕ. ಇಲ್ಲಿಯೋ, ಮುಖವೇ ಇಲ್ಲ, ಪಂದ್ಯದ ಕಾರಾದ್ದರಿಂದ ದೀಪಗಳೂ ಇಲ್ಲ, ಚಕ್ರ ವಿರೂಪಗೊಂಡಿದೆ. ಕೈಯಲ್ಲಿ ಉಳಿದದ್ದು ‘6’ ಒಂದೇ.

ಪಂದ್ಯಗಳ ಚರಿತ್ರೆಯನ್ನು ಬಲ್ಲವರು ಆ ಅಂಕಿಯನ್ನೇ ಹಿಡಿದುಕೊಂಡು ಪ್ರವೇಶಪಟ್ಟಿಗಳನ್ನು ತೆರೆದರು. 1912ರ ಗ್ರಾನ್ ಪ್ರೀ ಜೂನ್ 25 ಮತ್ತು 26ರಂದು ಸಮುದ್ರತೀರದ ದಿಯೆಪ್‌ನಲ್ಲಿ ನಡೆದಿತ್ತು. ಆ ಪಂದ್ಯದಲ್ಲಿ ದೆಲಾಜ್ ಸಂಸ್ಥೆ ಭಾಗವಹಿಸಿರಲೇ ಇಲ್ಲ. ಮರುವರ್ಷ, 1913ರ ಜುಲೈ 12ರಂದು ಅಮಿಯಾಂ ನಗರದ ಬಳಿ ನಡೆದ ಪಂದ್ಯದಲ್ಲಿ ದೆಲಾಜ್ ಕಾರುಗಳು ಇದ್ದವು, ಆದರೆ 6ನೇ ಸಂಖ್ಯೆ ಅವುಗಳದ್ದಲ್ಲ. ಅದು ರೆನೆ ಕ್ರೊಕೆ ನಡೆಸಿದ ಷ್ನೈಡರ್ ಕಾರಿನದು. ಧರ್ಮಕೇಂದ್ರಗಳ ಹಳೆಯ ಜ್ಞಾನಸ್ನಾನದ ಪುಸ್ತಕಗಳನ್ನು ತಿರುವಿದವರಿಗೆ ಇದು ಹೊಸ ಅನುಭವವಲ್ಲ: ಮನೆಯ ಹಿರಿಯರು ಆಣೆಯಿಟ್ಟು ಹೇಳುವ ವರ್ಷ ಒಂದು, ಪುಸ್ತಕದಲ್ಲಿ ಮಸಿಯಿಂದ ಬರೆದಿರುವ ವರ್ಷ ಇನ್ನೊಂದು. ಹಿರಿಯರು ಸುಳ್ಳು ಹೇಳಿದರೆಂದು ಯಾರೂ ತಿಳಿಯುವುದಿಲ್ಲ. ಲಾರ್ತೀಗ್ ಇಳಿವಯಸ್ಸಿನಲ್ಲಿ ತಮ್ಮ ಆಲ್ಬಮ್‌ಗಳನ್ನು ಬಿಚ್ಚಿ ಮರುಜೋಡಿಸಿದ್ದರು. ಎರಡೂ ಪಂದ್ಯಗಳು ನಡೆದದ್ದು ಉತ್ತರ ಫ್ರಾನ್ಸಿನ ಬೇಸಿಗೆಯಲ್ಲಿ. ಎರಡನ್ನೂ ಗೆದ್ದವರು ಪ್ಯೂಜೊ ಕಾರಿನ ಜಾರ್ಜ್ ಬ್ವಾಯೊ ಒಬ್ಬರೇ. ಐವತ್ತು ವರ್ಷಗಳ ಬಳಿಕ ಎರಡು ಬೇಸಿಗೆಗಳು ಒಂದರೊಳಗೊಂದು ಸೇರಿಹೋದರೆ ಅಚ್ಚರಿಯೇನು?

ಕಾರಿನ ಹೆಸರು ತಪ್ಪಿದ್ದಕ್ಕೆ ಮಾತ್ರ ಬೇರೆ ಕಾರಣವೂ ಇದ್ದೀತೆಂದು ನನ್ನ ಎಣಿಕೆ. ದೆಲಾಜ್ ಹೆಸರುವಾಸಿಯಾದ ಸಂಸ್ಥೆ; 1920ರ ದಶಕದ ಅದರ ಪಂದ್ಯದ ಕಾರುಗಳನ್ನೂ 1930ರ ದಶಕದ ಅದರ ಸೊಗಸಾದ ಕಾರುಗಳನ್ನೂ ಇಂದಿಗೂ ಸಂಗ್ರಾಹಕರು ಆರಾಧಿಸುತ್ತಾರೆ. ತೆಯೊಫಿಲ್ ಷ್ನೈಡರ್ 1910ರಲ್ಲಿ ಬೆಜಾನ್ಸೋಂ ಪಟ್ಟಣದಲ್ಲಿ ಸ್ಥಾಪಿಸಿದ ಕಾರ್ಖಾನೆಯಾದರೋ ಸುಮಾರು ಎರಡು ದಶಕಗಳಲ್ಲಿ ಕಣ್ಮರೆಯಾಯಿತು. ಗುರುತು ಸಿಗದ ಹಳೆಯ ವಸ್ತುವನ್ನು ಲೋಕ ಸಾಮಾನ್ಯವಾಗಿ ದೊಡ್ಡವರ ಖಾತೆಗೆ ಜಮಾ ಮಾಡುತ್ತದೆ. ನಮ್ಮಲ್ಲಿ ಯಾವ ಹಾಳುಗೋಡೆ ಕಂಡರೂ ಅದು ಟಿಪ್ಪುವಿನ ಕಾಲದ್ದು ಎನ್ನುವುದಿಲ್ಲವೇ, ಹಾಗೆ.

ಒಂದು ವರ್ಷ ಆಚೀಚೆಯಾದರೆ ಏನಾಯಿತು, ಚಿತ್ರ ಅದೇ ತಾನೇ ಎಂದು ಕೇಳಬಹುದು. ಆದರೆ ಚಿತ್ರ ಅದೇ ಆಗಿ ಉಳಿಯುವುದಿಲ್ಲ. 1912ರ ಪಂದ್ಯದಲ್ಲಿ ಎಂಜಿನ್ನಿನ ಗಾತ್ರಕ್ಕೆ ಮಿತಿಯಿರಲಿಲ್ಲ. ಹದಿನಾಲ್ಕು ಲೀಟರಿಗೂ ಮಿಗಿಲಾದ ಗಾತ್ರದ ಎಂಜಿನ್ನಿದ್ದ ದೈತ್ಯ ಫಿಯೆಟ್ ಕಾರುಗಳು ಅಲ್ಲಿ ಓಡಿದ್ದವು. 1913ರಲ್ಲಿ ನಿಯಮವೇ ಬದಲಾಯಿತು. ನೂರು ಕಿಲೋಮೀಟರಿಗೆ ಇಪ್ಪತ್ತು ಲೀಟರ್ ಇಂಧನ, ಅದಕ್ಕಿಂತ ಒಂದು ತೊಟ್ಟೂ ಹೆಚ್ಚಿಲ್ಲ. ಸುಮಾರು 917 ಕಿಲೋಮೀಟರ್ ದೂರವನ್ನು 29 ಸುತ್ತುಗಳಲ್ಲಿ ಕ್ರಮಿಸಬೇಕಾಗಿದ್ದ ಆ ಪಂದ್ಯಕ್ಕೆ ಪ್ರತಿ ಕಾರಿಗೂ ದಕ್ಕಿದ್ದು ಹೆಚ್ಚುಕಡಿಮೆ 183 ಲೀಟರ್. ಕಡಿವಾಣವಿಲ್ಲದ ವೇಗದ ಸಂಕೇತವೆಂದು ನಾವು ಕೊಂಡಾಡಿದ ಚಿತ್ರದಲ್ಲಿರುವವರು ಪಡಿತರದ ಇಂಧನವನ್ನು ಲೆಕ್ಕ ಹಾಕುತ್ತಾ ಕಾರು ಓಡಿಸುತ್ತಿದ್ದವರು. ಚಾಲಕನ ಪಕ್ಕದಲ್ಲಿರುವುದು ಮೆಕ್ಯಾನಿಕ್. ಹಿಂದಿನಿಂದ ಬರುವ ಕಾರುಗಳನ್ನು ಗಮನಿಸುವುದು, ಟೈರುಗಳ ಮೇಲೆ ಕಣ್ಣಿಡುವುದು, ಎಣ್ಣೆ ಮತ್ತು ಇಂಧನದ ಒತ್ತಡ ಇಳಿಯದಂತೆ ಕೈಪಂಪು ಒತ್ತುವುದು ಆತನ ಕೆಲಸ. ಗಂಟೆಗಟ್ಟಲೆ, ಧೂಳಿನಲ್ಲಿ. ಗೆದ್ದವರ ಪಟ್ಟಿಗಳಲ್ಲಿ ಚಾಲಕನ ಹೆಸರಷ್ಟೇ ಇರುವುದು ವಾಡಿಕೆ.

ಸಾವು ಕೂಡ ಆ ರಸ್ತೆಗಳಿಗೆ ಹತ್ತಿರವಿತ್ತು. ಪ್ಯೂಜೊ ತಂಡದ ಪಾಲ್ ಜುಕರೆಲ್ಲಿ ಪಂದ್ಯಕ್ಕೆ ಕೆಲವೇ ವಾರಗಳ ಮುಂಚೆ, 1913ರ ಜೂನ್‌ನಲ್ಲಿ, ಕಾರನ್ನು ಪರೀಕ್ಷಿಸುತ್ತಿದ್ದಾಗ ಬಂಡಿಯೊಂದಕ್ಕೆ ಢಿಕ್ಕಿ ಹೊಡೆದು ಮಡಿದರು. ತಂಡದ ಸಂಗಾತಿ ಬ್ವಾಯೊ ಜುಲೈ 12ರಂದು ಗಂಟೆಗೆ ಸುಮಾರು 116 ಕಿಲೋಮೀಟರ್ ಸರಾಸರಿ ವೇಗದಲ್ಲಿ ಓಡಿಸಿ ಗೆದ್ದರು.

ಇನ್ನು ಅಮಿಯಾಂ ಎಂಬ ಹೆಸರು. 1220ರಲ್ಲಿ ಕಟ್ಟಲು ಆರಂಭಿಸಿದ ಮಹಾದೇವಾಲಯಕ್ಕಾಗಿ ಪ್ರಸಿದ್ಧವಾದ ಆ ನಗರದ ಹತ್ತಿರದ ಹಳ್ಳಿರಸ್ತೆಗಳಲ್ಲಿ ಕಾರುಗಳು ಓಡಿದ್ದು 1913ರಲ್ಲಿ. ಹದಿಮೂರು ತಿಂಗಳೊಳಗಾಗಿ ಯುದ್ಧ ಆರಂಭವಾಗಿತ್ತು. 1914ರ ಆಗಸ್ಟ್ ಕೊನೆಯಲ್ಲಿ ಜರ್ಮನ್ ಸೈನ್ಯ ನಗರವನ್ನು ಹೊಕ್ಕು ಕೆಲದಿನ ಅಲ್ಲಿತ್ತು. 1916ರಲ್ಲಿ ನಗರದ ಪೂರ್ವಕ್ಕೆ ಸೋಮ್ ನದಿಯ ಇಕ್ಕೆಲಗಳಲ್ಲಿ ನಡೆದ ಕಾಳಗದಲ್ಲಿ ಸತ್ತವರು, ಗಾಯಗೊಂಡವರು ಸೇರಿ ಹತ್ತು ಲಕ್ಷಕ್ಕೂ ಹೆಚ್ಚು. ಎರಡು ಗ್ರಾನ್ ಪ್ರೀ ಗೆದ್ದ ಜಾರ್ಜ್ ಬ್ವಾಯೊ ಯುದ್ಧವಿಮಾನದ ಚಾಲಕರಾಗಿ ಅದೇ 1916ರಲ್ಲಿ ಆಕಾಶದಲ್ಲಿ ಹತರಾದರು. ಚಿತ್ರದಲ್ಲಿ ರಸ್ತೆಯ ಬದಿಗೆ ನಿಂತು ಹಿಂದಕ್ಕೆ ವಾಲಿರುವವರು ದಿಯೆಪ್‌ನ ವಿಹಾರಿಗಳಲ್ಲ, ಅಮಿಯಾಂ ರಸ್ತೆಯ ಪ್ರೇಕ್ಷಕರು ಎಂದು ತಿಳಿದ ಮೇಲೆ ಅವರ ಮುಖಗಳನ್ನು ಮೊದಲಿನಂತೆ ನೋಡಲಾಗುವುದಿಲ್ಲ.

ಲಾರ್ತೀಗ್ 1979ರಲ್ಲಿ ತಮ್ಮ ಸಮಗ್ರ ಸಂಗ್ರಹವನ್ನು ಫ್ರೆಂಚ್ ಸರ್ಕಾರಕ್ಕೆ ಒಪ್ಪಿಸಿ 1986ರಲ್ಲಿ ತೀರಿಕೊಂಡರು. 1963ರಿಂದೀಚೆಗೆ ಅಚ್ಚಾದ ಅನೇಕ ಪುಸ್ತಕಗಳು ಗ್ರಂಥಾಲಯಗಳಲ್ಲಿವೆ; ಅವುಗಳಲ್ಲಿ ‘ದೆಲಾಜ್, 1912’ ಎಂಬ ಅಡಿಬರಹ ಹಾಗೆಯೇ ಉಳಿದಿದೆ. ಅದರ ಮೇಲೆಯೇ, ಕಾರಿನ ಮೈಮೇಲೆ, ರೆನೆ ಕ್ರೊಕೆಯ ‘6’ ಕೂಡ ಸ್ಪಷ್ಟವಾಗಿ ಇದೆ.