ತೊಟ್ಟಿಲಿನಿಂದ ಚಿತ್ರನಗರಿಗೆ

ನಮ್ಮೂರಾದ ಇರಕಲ್ಲಗಡವು 1956ರವರೆಗೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತಾದರೂ, ನಮ್ಮ ಹಿರಿಯರು ವಿನೋದವನ್ನರಸಿ ಹೋಗುತ್ತಿದ್ದುದು ಆ ದೂರದ ರಾಜಧಾನಿಗಲ್ಲ, ಪುಷ್ಯಮಾಸದಲ್ಲಿ ನೆರೆಯುವ ಕೊಪ್ಪಳದ ಗವಿಮಠದ ಜಾತ್ರೆಗೆ. ಮರದ ತೊಟ್ಟಿಲುಗಳನ್ನು ಆಳುಗಳು ಕೈಯಿಂದಲೇ ತಿರುಗಿಸುತ್ತಿದ್ದ ಆ ಕಾಲದಲ್ಲಿ, ತುದಿಗೇರಿ ಕೆಳಗಿಳಿಯುವಾಗ ಹೊಟ್ಟೆಯಲ್ಲೇಳುತ್ತಿದ್ದ ಕಚಗುಳಿಯೂ, ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕುಳಿತು ರೀಲು ಬದಲಾಗುವವರೆಗೆ ಶೇಂಗಾ ಸುಲಿಯುತ್ತಿದ್ದ ಸುಖವೂ ಬೇರೆಬೇರೆಯಾಗಿದ್ದವು. ಇವೆರಡನ್ನೂ ಒಂದೇ ಪ್ರಾಕಾರದೊಳಗೆ ಕೂಡಿಸಿದ ಕೀರ್ತಿ ಬಹುಮಟ್ಟಿಗೆ, 1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ಉದ್ಯಾನವನ್ನು ತೆರೆದ ಚಿತ್ರನಿರ್ಮಾಪಕ ವಾಲ್ಟ್ ಡಿಸ್ನಿಗೆ ಸಲ್ಲತಕ್ಕದ್ದು. ಮುಂದೆ, ನಮ್ಮ ಹಿರಿಯರು ಅರಸಿ ಹೋಗದಿದ್ದ ಅದೇ ಹೈದರಾಬಾದಿನ ಹೊರವಲಯದಲ್ಲಿ ರಾಮೋಜಿರಾಯರ ಚಿತ್ರನಗರಿ 1996ರಲ್ಲಿ ತಲೆಯೆತ್ತಿತು. ಅಂತಹ ಉದ್ಯಾನವೊಂದರ ಹೊಸ ಯಂತ್ರಡೋಲೆಯಲ್ಲಿ, ವಯಸ್ಸಿನ ಗಾಂಭೀರ್ಯವನ್ನು ಟಿಕೆಟ್ಟಿನ ಕಿಟಕಿಯಲ್ಲೇ ಬಿಟ್ಟು ಕುಳಿತ ನಾನು, ಕಬ್ಬಿಣದ ಸರಳು ಎದೆಗೊತ್ತಿದೊಡನೆ ಕಣ್ಣು ಮುಚ್ಚಿದೆನು. ಇಳಿಜಾರಿನಲ್ಲಿ ಎದ್ದುದು ಗವಿಮಠದ ಅದೇ ಕಚಗುಳಿ.