ನಾರ್ಕೊಲೆಪ್ಸಿ: ರೋಗನಿರ್ಣಯ ಮತ್ತು ಚಿಕಿತ್ಸೆ

ನಾರ್ಕೊಲೆಪ್ಸಿ : ಹಗಲು ಹೊತ್ತಿನಲ್ಲಿ ತಡೆಯಲಾಗದ ನಿದ್ದೆ ತರುವ, ಜೀವಮಾನವಿಡೀ ಉಳಿಯುವ ನರಸಂಬಂಧಿ ಕಾಯಿಲೆ. ಸಾಮಾನ್ಯವಾಗಿ 10ರಿಂದ 25ನೆಯ ವಯಸ್ಸಿನೊಳಗೆ ತಲೆದೋರುತ್ತದೆ. ಅಮೆರಿಕ, ಯುರೋಪುಗಳ ಅಂದಾಜಿನಂತೆ ಸುಮಾರು 2000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಮೊದಲ ಲಕ್ಷಣ ಕಂಡ ಮೇಲೆ ಕಾಯಿಲೆ ಇಂಥದೆಂದು ಗೊತ್ತಾಗಲು 8ರಿಂದ 15 ವರ್ಷ ಹಿಡಿಯುವುದು ಅಪರೂಪವಲ್ಲ. ರೋಗಿಯ ಓದು, ಉದ್ಯೋಗ, ಆತ್ಮವಿಶ್ವಾಸಗಳು ಹೆಚ್ಚಾಗಿ ಕೆಡುವುದು ಈ ವರ್ಷಗಳಲ್ಲೇ.

ತಡವಾಗಲು ಮುಖ್ಯ ಕಾರಣ, ತೂಕಡಿಕೆಯನ್ನು ಯಾರೂ ಕಾಯಿಲೆಯೆಂದು ಎಣಿಸದಿರುವುದು. ತರಗತಿಯಲ್ಲಿ ನಿದ್ದೆಹೋಗುವ ವಿದ್ಯಾರ್ಥಿಗೆ ಸೋಮಾರಿಯೆಂಬ ಹೆಸರು ಬರುತ್ತದೆ. ರಾತ್ರಿಯೆಲ್ಲ ಮೊಬೈಲ್ ನೋಡುತ್ತಾನೆಂಬ ಆರೋಪ ಬರುತ್ತದೆ. ವೈದ್ಯರ ಬಳಿ ಹೋದರೂ ರಕ್ತಹೀನತೆ, ಥೈರಾಯ್ಡ್, ಖಿನ್ನತೆಗಳ ಪರೀಕ್ಷೆಯಲ್ಲೇ ವಿಚಾರಣೆ ಮುಗಿದುಬಿಡಬಹುದು. ಇವನ್ನು ನೋಡಲೇಬೇಕು, ನಿಜ. ಆದರೆ ರೋಗಿಯನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುತ್ತದೆಯೇ, ದವಡೆ ಜೋಲುತ್ತದೆಯೇ, ಕೈಯಲ್ಲಿದ್ದ ಲೋಟ ಜಾರುತ್ತದೆಯೇ? ನಗು, ಅಚ್ಚರಿ, ಸಿಟ್ಟುಗಳ ಬೆನ್ನಿಗೇ ಸ್ನಾಯುಗಳು ಹೀಗೆ ಕೆಲ ಸೆಕೆಂಡುಗಳಿಂದ ಒಂದೆರಡು ನಿಮಿಷ ಶಕ್ತಿಗುಂದುವುದೇ ಕ್ಯಾಟಪ್ಲೆಕ್ಸಿ. ಆಗ ಪ್ರಜ್ಞೆ ತಪ್ಪುವುದಿಲ್ಲ. ಸುತ್ತಲಿನವರ ಮಾತು ರೋಗಿಗೆ ಕೇಳಿಸುತ್ತಿರುತ್ತದೆ. ಇದನ್ನು ವಿಚಾರಿಸದೆ ಫಿಟ್ಸ್ ಎಂದು ಬಗೆದು ವರ್ಷಗಟ್ಟಲೆ ಮೂರ್ಛೆರೋಗದ ಮಾತ್ರೆ ಕೊಟ್ಟ ಪ್ರಸಂಗಗಳಿವೆ. ಎಚ್ಚರವಾದರೂ ಮೈ ಅಲುಗಿಸಲಾಗದ ಸ್ಥಿತಿ, ನಿದ್ದೆ ಹತ್ತುವಾಗ ಕೋಣೆಯಲ್ಲಿ ಯಾರೋ ನಿಂತಂತೆ ಕಾಣುವ ಭ್ರಮೆ, ರಾತ್ರಿ ಮತ್ತೆಮತ್ತೆ ಒಡೆಯುವ ನಿದ್ದೆ ಇತರ ಲಕ್ಷಣಗಳು. ದೆವ್ವ ಎದೆಯ ಮೇಲೆ ಕೂತಿತು ಎಂದು ಮನೆಯಲ್ಲಿ ಹೇಳಿದವರು ವೈದ್ಯರೆದುರು ಸಂಕೋಚದಿಂದ ಸುಮ್ಮನಿದ್ದುಬಿಡುತ್ತಾರೆ.

ಜರ್ಮನಿಯ ವೈದ್ಯ ವೆಸ್ಟ್‌ಫಾಲ್ 1877ರಲ್ಲಿ ಈ ಕಾಯಿಲೆಯನ್ನು ವರ್ಣಿಸಿದ. 1880ರಲ್ಲಿ ಫ್ರಾನ್ಸಿನ ವೈದ್ಯ ಗೆಲಿನೊ ಇದಕ್ಕೆ ಹೆಸರಿಟ್ಟ. ಕಾರಣ ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1998ರಲ್ಲಿ ಎರಡು ಸಂಶೋಧಕ ತಂಡಗಳು ಮಿದುಳಿನ ಹೈಪೊಥಲಾಮಸ್‌ನಲ್ಲಿ ಹುಟ್ಟುವ ಒಂದೇ ರಾಸಾಯನಿಕವನ್ನು ಬೇರೆಬೇರೆಯಾಗಿ ಪತ್ತೆಮಾಡಿ, ಒಂದು ಹೈಪೊಕ್ರೆಟಿನ್ ಎಂದೂ ಇನ್ನೊಂದು ಒರೆಕ್ಸಿನ್ ಎಂದೂ ಕರೆದವು. ಎಚ್ಚರವನ್ನು ಸ್ಥಿರವಾಗಿ ಹಿಡಿದಿಡುವುದು ಇದರ ಕೆಲಸ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ಕಾಯಿಲೆಯಿದ್ದ ಡಾಬರ್‌ಮನ್ ನಾಯಿಗಳನ್ನು ಅಭ್ಯಸಿಸಿದ ಎಮ್ಯಾನ್ಯುಯೆಲ್ ಮಿನ್ಯೊ ತಂಡ, ಆ ರಾಸಾಯನಿಕವನ್ನು ಗ್ರಹಿಸುವ ಗ್ರಾಹಕದ ಜೀನ್‌ನಲ್ಲೇ ದೋಷವಿರುವುದನ್ನು 1999ರಲ್ಲಿ ತೋರಿಸಿತು. ಮನುಷ್ಯರಲ್ಲಿ ಆ ರಾಸಾಯನಿಕವನ್ನು ತಯಾರಿಸುವ ನರಕೋಶಗಳೇ ನಾಶವಾಗಿರುತ್ತವೆಂದು ಮರುವರ್ಷ ತಿಳಿದುಬಂತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಇವನ್ನು ಕೊಲ್ಲುತ್ತದೆಂಬುದು ಇಂದಿನ ಬಲವಾದ ಅಭಿಪ್ರಾಯ. ಕ್ಯಾಟಪ್ಲೆಕ್ಸಿಯಾಗಲಿ ಒರೆಕ್ಸಿನ್ ಕೊರತೆಯಾಗಲಿ ಇಲ್ಲದ ಎರಡನೆಯ ಬಗೆಯೂ ಇದೆ. ಅದರ ಕಾರಣ ಇನ್ನೂ ಸ್ಪಷ್ಟವಾಗಿಲ್ಲ.

ರೋಗನಿರ್ಣಯಕ್ಕೆ ನಿದ್ರಾ ಪ್ರಯೋಗಾಲಯ ಬೇಕು. ಮೊದಲು ಒಂದೆರಡು ವಾರ ಮಲಗಿದ, ಎದ್ದ ಹೊತ್ತನ್ನು ಬರೆದಿಡಲು ಹೇಳುತ್ತಾರೆ. ಖಿನ್ನತೆಯ ಮಾತ್ರೆಗಳು ಕನಸಿನ ನಿದ್ದೆಯನ್ನು ಅಡಗಿಸುವುದರಿಂದ ಅವನ್ನು ವೈದ್ಯರ ಸಲಹೆಯಂತೆ ಮುಂಚಿತವಾಗಿ ನಿಲ್ಲಿಸಬೇಕಾಗಬಹುದು; ಸ್ವಂತ ನಿರ್ಧಾರದಿಂದ ಬಿಡಬಾರದು. ಒಂದು ರಾತ್ರಿ ಮಿದುಳಿನ ಅಲೆ, ಕಣ್ಣಿನ ಚಲನೆ, ಉಸಿರಾಟ, ಸ್ನಾಯುಗಳ ಬಿಗಿತ ಎಲ್ಲವನ್ನೂ ದಾಖಲಿಸುತ್ತಾರೆ. ಮರುದಿನ ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಸಲ ಮಲಗಲು ಹೇಳುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಕನಿಷ್ಠ ಎರಡು ಸಲ 15 ನಿಮಿಷದೊಳಗೆ ಕನಸಿನ ನಿದ್ದೆ ಬಂದರೆ ನಾರ್ಕೊಲೆಪ್ಸಿಯ ಪುರಾವೆ ಬಲವಾಗುತ್ತದೆ. ಆರೋಗ್ಯವಂತರಲ್ಲಿ ಆ ಹಂತ ಬರಲು ಸುಮಾರು 90 ನಿಮಿಷ ಬೇಕು. ಸಂದೇಹ ಉಳಿದರೆ ಬೆನ್ನುಹುರಿಯ ದ್ರವದಲ್ಲಿ ಒರೆಕ್ಸಿನ್ ಪ್ರಮಾಣ ಅಳೆಯಬಹುದು. ಗೊರಕೆ ಮತ್ತು ಉಸಿರುಗಟ್ಟುವಿಕೆಯನ್ನು ಪತ್ತೆಮಾಡಲು ಮನೆಗೇ ತಂದುಕೊಡುವ ಸಣ್ಣ ಯಂತ್ರದ ಪರೀಕ್ಷೆ ಇಲ್ಲಿ ಸಾಲದು. ಅದರ ವರದಿ ಸರಿಯಾಗಿದೆ ಎಂದು ಮನೆಗೆ ಮರಳಿದವರು ಪೂರ್ಣ ಪರೀಕ್ಷೆಯನ್ನು ಕೇಳಿ ಪಡೆಯಬೇಕು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರಾ ಪ್ರಯೋಗಾಲಯವಿದೆ.

ನಾಶವಾದ ನರಕೋಶಗಳನ್ನು ಮರಳಿ ತರುವ ಚಿಕಿತ್ಸೆ ಇಲ್ಲ, ಲಕ್ಷಣಗಳನ್ನು ಹತೋಟಿಯಲ್ಲಿಡಬಹುದು. ಹಗಲಿನ ನಿದ್ದೆಗೆ ಮೊಡಾಫಿನಿಲ್ ಸಾಮಾನ್ಯ ಔಷಧಿ. ಇದು ಗರ್ಭನಿರೋಧಕ ಮಾತ್ರೆಗಳ ಬಲ ಕುಗ್ಗಿಸುವುದರಿಂದ ಮಹಿಳೆಯರು ವೈದ್ಯರಿಗೆ ತಿಳಿಸಬೇಕು. ಕ್ಯಾಟಪ್ಲೆಕ್ಸಿಗೆ ವೆನ್ಲಾಫ್ಯಾಕ್ಸಿನ್‌ನಂಥವು ನೆರವಾಗುತ್ತವೆ. ಒಮ್ಮೆಲೇ ನಿಲ್ಲಿಸಿದರೆ ಕುಸಿತಗಳು ಮೊದಲಿಗಿಂತ ಹೆಚ್ಚಾಗುತ್ತವೆ. ಸೋಡಿಯಂ ಆಕ್ಸಿಬೇಟ್, ಪಿಟೊಲಿಸಾಂಟ್‌ಗಳು ಕೆಲವು ದೇಶಗಳಲ್ಲಿ ಬಳಕೆಯಲ್ಲಿವೆ. ಮಾತ್ರೆಯ ಜೊತೆಗೆ ಉಪಯುಕ್ತವಾದದ್ದು ಹಗಲಿನಲ್ಲಿ ಹೊತ್ತು ಗೊತ್ತುಮಾಡಿಕೊಂಡು 15–20 ನಿಮಿಷ ಮಲಗುವುದು. ಇದಕ್ಕೆ ಶಾಲೆಯೋ ಕಚೇರಿಯೋ ಒಪ್ಪಬೇಕು. ವೈದ್ಯರ ಪತ್ರ ಆಗ ಕೆಲಸಕ್ಕೆ ಬರುತ್ತದೆ. ಕಾಯಿಲೆ ಹತೋಟಿಗೆ ಬರುವವರೆಗೆ ವಾಹನ ಓಡಿಸಬಾರದು, ಒಂಟಿಯಾಗಿ ಈಜಲೂಬಾರದು.

ರಾತ್ರಿ ಸಾಕಷ್ಟು ಮಲಗಿಯೂ ಮೂರು ತಿಂಗಳಿಗೂ ಮಿಕ್ಕಿ ದಿನವೂ ತರಗತಿಯಲ್ಲಿ ನಿದ್ದೆಹೋಗುವ ಮಕ್ಕಳನ್ನು ಗದರಿಸುವ ಬದಲು ನರರೋಗ ತಜ್ಞರಿಗೆ ತೋರಿಸಬೇಕು.