ಪೇಟೆಯನ್ನು ರಂಗಕ್ಕೆ ತಂದ ಜಾಮಿಯಾ

ಹಾಡು, ನಾಟಕ ಇವೆಲ್ಲ ನಮ್ಮವರಿಗೆ ಹೇಳಿದ್ದಲ್ಲ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಚರಿತ್ರೆ ಬೇರೇನೋ ಹೇಳುತ್ತದೆ.

ಜಾಮಿಯಾ 1920ರಲ್ಲಿ ಅಲಿಗಢದಲ್ಲಿ ಹುಟ್ಟಿ, 1925ರಲ್ಲಿ ದೆಹಲಿಗೆ ಬಂತು. ಕೈಯಲ್ಲಿ ಕಾಸಿರಲಿಲ್ಲ, ಉತ್ಸಾಹ ಮಾತ್ರ ಬೇಕಾದಷ್ಟಿತ್ತು. ಪಾಠ ಹೇಳುವ ಮೇಷ್ಟ್ರುಗಳೇ ನಾಟಕ ಬರೆದರು. ಆಬಿದ್ ಹುಸೇನರ 'ಪರ್ದಾ-ಎ-ಗಫ್ಲತ್', ಮುಹಮ್ಮದ್ ಮುಜೀಬರ 'ಖೇತೀ' ಅಂಥವು. ಈ ಮುಜೀಬರೇ 1948ರಿಂದ 1973ರವರೆಗೆ ಅಲ್ಲಿನ ಕುಲಪತಿ. ಮುಖ್ಯಸ್ಥರೇ ನಾಟಕಕಾರರಾದ ಮೇಲೆ ಹುಡುಗರಿಗೆ ಬಣ್ಣ ಹಚ್ಚಲು ಅಂಜಿಕೆ ಯಾಕೆ?

1954ರಲ್ಲಿ ಕವಿ ನಝೀರ್ ಅಕ್ಬರಾಬಾದಿಯ ನೆನಪಿನ ಕಾರ್ಯಕ್ರಮಕ್ಕಾಗಿ ರಾಯಪುರದ ಹಬೀಬ್ ತನ್ವೀರ್ ಇಲ್ಲಿ 'ಆಗ್ರಾ ಬಾಜಾರ್' ಕಟ್ಟಿದರು. ಜಾಮಿಯಾದ ವಿದ್ಯಾರ್ಥಿಗಳು, ಮೇಷ್ಟ್ರುಗಳು ರಂಗ ಹತ್ತಿದರು. ಅಷ್ಟೇ ಅಲ್ಲ, ಪಕ್ಕದ ಓಖ್ಲಾ ಹಳ್ಳಿಯ ಜನರೂ ಅವರ ಜೊತೆ ಸೇರಿದರು.

ಕತೆ ಸರಳ. ಸೌತೆಕಾಯಿ ಮಾರುವವನಿಗೆ ವ್ಯಾಪಾರವೇ ಇಲ್ಲ. ತನ್ನ ಕಾಯಿಯ ಮೇಲೆ ನಾಲ್ಕು ಸಾಲು ಬರೆದುಕೊಡಿ ಅಂತ ಕವಿಗಳ ಹಿಂದೆ ಅಲೆಯುತ್ತಾನೆ. ಪುಸ್ತಕದಂಗಡಿಯ ಪಂಡಿತರು ಮೂಗು ಮುರಿಯುತ್ತಾರೆ. ಕೊನೆಗೆ ನಝೀರ್ ಬರೆದುಕೊಡುತ್ತಾರೆ. ಕಾಯಿ ಖಾಲಿ! ಆದರೆ ನಝೀರ್ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಅವರ ಪದ್ಯಗಳನ್ನು ಫಕೀರರು ಹಾಡುತ್ತಾರೆ, ಮಾರುವವರು ಹಾಡುತ್ತಾರೆ. ಕೊನೆಯಲ್ಲಿ 'ಆದ್ಮಿನಾಮಾ'.

ಇಲ್ಲೊಂದು ವಿಷಯ ಗಮನಿಸಿ. 1830ರಲ್ಲಿ ತೀರಿಕೊಂಡ ನಝೀರ್‌ರನ್ನು ಶೇಫ್ತಾರಂಥ ವಿದ್ವಾಂಸರು ಕವಿಗಳ ಸಾಲಿಗೇ ಸೇರಿಸಲಿಲ್ಲ. ಅವರ ಪದ್ಯ ಪೇಟೆಯವರ ಬಾಯಲ್ಲಿತ್ತು ಅನ್ನುವುದೇ ತಪ್ಪಾಯಿತು. ಆ ಪದ್ಯಗಳನ್ನು ಉಳಿಸಿದವರು ಪೇಟೆಯವರೇ. ಅಂಥ ಕವಿಯ ನಾಟಕವನ್ನು ಓದಿದವರಷ್ಟೇ ಆಡಿದ್ದರೆ ಅದು ಮತ್ತೆ ಪುಸ್ತಕದಂಗಡಿಯ ಮಾತಾಗುತ್ತಿತ್ತು. ಓಖ್ಲಾದವರು ಬಂದದ್ದರಿಂದ ಪೇಟೆ ನಿಜವಾಯಿತು.

ಅದೇ ದಾರಿಯಲ್ಲಿ ತನ್ವೀರ್ ಮುಂದೆ ನಡೆದರು. ಲಂಡನ್ನಿನಲ್ಲಿ ರಂಗಶಿಕ್ಷಣ ಪಡೆದು ಬಂದ ಮೇಲೂ ಛತ್ತೀಸಗಢದ ಹಳ್ಳಿಯ ಕಲಾವಿದರನ್ನೇ ಕರೆತಂದರು, 1959ರಲ್ಲಿ 'ನಯಾ ಥಿಯೇಟರ್' ಕಟ್ಟಿದರು. ಜಾಮಿಯಾಗೆ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿದ್ದು 1962ರಲ್ಲಿ. ಅಂದರೆ ಮಾನ್ಯತೆಗೂ ಮೊದಲೇ ಅದರ ಅಂಗಳದಲ್ಲಿ ಈ ನಾಟಕ ಹುಟ್ಟಿತ್ತು.

ನನ್ನ ತರಗತಿಯಲ್ಲಿ ಮಕ್ಕಳು ಮನೆಯ ದಖನಿ ಬಾಯಿಗೆ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ, ಅದು "ಸರಿಯಾದ ಉರ್ದು" ಅಲ್ಲವಂತೆ. ಅವರಿಗೆ ನಾನು ಸೌತೆಕಾಯಿಯವನ ಕತೆ ಹೇಳುತ್ತೇನೆ. ನಿಮ್ಮ ಕಾಲೇಜಿನಲ್ಲಿ ನಾಟಕದ ತಂಡ ಕಟ್ಟುವುದಾದರೆ, ಗೇಟಿನ ಹೊರಗೆ ಕೂಗಿ ಮಾರುವವರ ದನಿಯನ್ನೂ ಒಮ್ಮೆ ಕೇಳಿಸಿಕೊಳ್ಳಿ.